ಕರ್ತನ ಮಣೆ

ಕಲಬುರ್ಗಿಯ ಗಾಜಿಪುರದ ನಮ್ಮ ಮನೆಯಲ್ಲಿ ಮಣೆ ಇದ್ದದ್ದು ಒಂದೇ, ಅದರ ಮೇಲೆ ಮನೆಯವರು ಯಾರೂ ಕೂಡುವಂತಿರಲಿಲ್ಲ. ಅಪ್ಪ ಬಡಿಗ. ಕಲಬುರ್ಗಿಯ ಅರ್ಧ ಊರಿಗೆ ಬಾಗಿಲು, ತೊಟ್ಟಿಲು, ಬಂಡಿಯ ಗಾಲಿ ಮಾಡಿಕೊಟ್ಟವನು ತಾನೇ ಎಂದು ಹೇಳಿಕೊಳ್ಳುತ್ತಿದ್ದ. ಅರ್ಧ ಊರು ಅನ್ನಬೇಡ, ಕಾಲು ಅನ್ನು ಎಂದು ಅವ್ವ ಒಲೆಯ ಮುಂದಿನಿಂದಲೇ ತಿದ್ದುತ್ತಿದ್ದಳು. ಅಂಥ ಬಡಿಗನ ಮನೆಯಲ್ಲಿ ನಾವೆಲ್ಲ ಫರಸಿ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಉಣ್ಣುತ್ತಿದ್ದೆವು. ಚಳಿಗಾಲದಲ್ಲಿ ಆ ಕಲ್ಲು ಎಷ್ಟು ತಣ್ಣಗಿರುತ್ತಿತ್ತೆಂದರೆ ಮೊದಲ ತುತ್ತು ನುಂಗುವವರೆಗೆ ನಾನೂ ನನ್ನ ತಮ್ಮ ದಾನ್ಯನೂ ಕುಂಡೆ ಎತ್ತಿಕೊಂಡೇ ಕೂತಿರುತ್ತಿದ್ದೆವು. ನಮ್ಮ ಸಾಲಿನ ನಡುವೆ, ಒಲೆಯ ಕಾವು ತಾಗುವ ಜಾಗದಲ್ಲಿ, ಸಾಗವಾನಿಯ ಆ ಮಣೆ ಖಾಲಿ ಇರುತ್ತಿತ್ತು. ಅದರ ಮುಂದೆ ಒಂದು ತಾಟು. ಅವ್ವ ಬಡಿದ ಮೊದಲ ರೊಟ್ಟಿ ಆ ತಾಟಿಗೆ. ಅದು ಕರ್ತನ ಮಣೆ, ಅದು ಕರ್ತನ ರೊಟ್ಟಿ. ಉಣ್ಣುವ ಹೊತ್ತಿಗೆ ಬಾಗಿಲಿಗೆ ಯಾರು ಬಂದರೂ ಆ ಮಣೆ ಅವರದು. ಯಾರೂ ಬರದಿದ್ದರೆ ರೊಟ್ಟಿ ನನಗೂ ದಾನ್ಯನಿಗೂ ಅರ್ಧರ್ಧ. ಹೀಗಾಗಿ ಆಯಿ ಕಣ್ಣು ಮುಚ್ಚಿ "ಕರ್ತಾ, ಯಾರನ್ನರೆ ಕಳಸು" ಎಂದು ಬೇಡುವಾಗ ನಾವಿಬ್ಬರೂ ಅದೇ ಕರ್ತನಿಗೆ, ಇವತ್ತೊಂದಿನ ಯಾರನ್ನೂ ಕಳಿಸಬೇಡಪ್ಪಾ ಎಂದು ಗುಟ್ಟಾಗಿ ಬೇಡಿಕೊಳ್ಳುತ್ತಿದ್ದೆವು.

ಆಯಿ ಎಂದರೆ ಅಪ್ಪನ ತಾಯಿ. ದೀಕ್ಷಾಸ್ನಾನದಲ್ಲಿ ಅವಳಿಗೆ ಮಾರ್ಥಾ ಎಂದು ಹೆಸರಿಟ್ಟಿದ್ದರಂತೆ. ಆ ಹೆಸರು ದೇವಾಲಯದ ಬಾಗಿಲವರೆಗೆ ಮಾತ್ರ, ಬೀದಿಗೆ ಬಂದರೆ ಅವಳು ಹಳೆಯ ಮಲ್ಲವ್ವನೇ. ಅವಳ ಪ್ರಾರ್ಥನೆ ಕೇಳಬೇಕಿತ್ತು ನೀವು. ನಮ್ಮ ಪಾದ್ರಿ ಅಯ್ಯನವರು ದೇವಾಲಯದಲ್ಲಿ ಗ್ರಂಥದ ಭಾಷೆಯಲ್ಲಿ, ಸ್ವರ ಇಳಿಸಿ, ತಡೆದು ತಡೆದು ಬೇಡುತ್ತಿದ್ದರು. ಆಯಿಗೆ ಕರ್ತನೆಂದರೆ ಹಿತ್ತಿಲ ಗೋಡೆಯಾಚೆಯವನು. "ನೋಡು, ನಿನ್ನೆ ಹೇಳೀನಿ, ಇವತ್ತೂ ಹೇಳಾಕತ್ತೀನಿ. ನಾಳಿ ಹೇಳಂಗಿಲ್ಲ" ಎಂದು ಗದರಿಸಿಯೇ ಆಮೆನ್ ಹೇಳುತ್ತಿದ್ದಳು. ಮರುದಿನ ಮತ್ತೆ ಹೇಳುತ್ತಿದ್ದಳು ಅನ್ನುವುದು ಬೇರೆ ಮಾತು.

ಮಣೆಯ ಮೇಲೆ ಹೆಚ್ಚು ಕೂತವಳು ಪಕ್ಕದ ಮನೆಯ ಚಾಂದಬೀ ಖಾಲಾ. ಗಂಡ ತೀರಿಕೊಂಡಿದ್ದ, ಟೋಪಿ ಹೊಲಿದು ಬದುಕುತ್ತಿದ್ದಳು. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತ ಕೂಡಲೇ ಗೋಡೆಯ ಮೇಲೆ ಅವಳ ಮುಖ ಮೂಡುತ್ತಿತ್ತು.

"ಏ ಮಲ್ಲವ್ವಾ, ಮಣಿ ಖಾಲಿ ಅದ ಕ್ಯಾ?"

"ನಿನಗಾಗೇ ಇಟ್ಟೀನಿ, ಬಾರವ್ವ. ಈ ಹುಡುಗರ ಮುಖಾ ನೋಡಬ್ಯಾಡ."

ನಮ್ಮ ಮುಖ ಆ ಹೊತ್ತಿನಲ್ಲಿ ನೋಡುವಂತೆ ಇರುತ್ತಿರಲಿಲ್ಲ. ಆದರೆ ರಮಜಾನ್ ಹಬ್ಬಕ್ಕೆ ಅವಳು ತರುವ ಶೀರ್ ಕುರ್ಮಾ ನೆನೆದು ಸುಮ್ಮನಾಗುತ್ತಿದ್ದೆವು. ಬಳೆಗಾರ್ತಿ ಕೂಡುತ್ತಿದ್ದಳು, ಅಪ್ಪನ ಹತ್ತಿರ ಕೊಡಲಿಗೆ ಕಾವು ಹಾಕಿಸಲು ಬಂದವರು ಕೂಡುತ್ತಿದ್ದರು, ದರ್ಗಾದ ಕಡೆಗೆ ಹೋಗುವ ಫಕೀರ ಕೂಡುತ್ತಿದ್ದ. ಅಯ್ಯನವರು ಬಂದರೆ ಮಾತ್ರ ಕರ್ತನ ಜಾಗದಲ್ಲಿ ನಾನು ಹೇಗೆ ಕೂಡಲಿ ಎಂದು ಸಂಕೋಚಪಡುತ್ತಿದ್ದರು. ಆಯಿ ಅವರನ್ನು ಭುಜ ಒತ್ತಿ ಕೂಡಿಸಿಬಿಡುತ್ತಿದ್ದಳು. ನಮ್ಮಲ್ಲಿ ನೀರು ಕೂಡ ಕುಡಿಯದವರೂ ಬೀದಿಯಲ್ಲಿ ಬೇಕಾದಷ್ಟು ಮಂದಿ ಇದ್ದರು. ಅವರು ಬಾಗಿಲ ಹೊರಗೆ ನಿಂತೇ ಅಪ್ಪನಿಗೆ ಕೆಲಸ ಹೇಳಿ ಹೋಗುತ್ತಿದ್ದರು. ಆಯಿ ಅವರನ್ನೂ "ಬರ್ರಿ, ಮಣಿ ಖಾಲಿ ಅದ" ಎಂದು ಕರೆಯುವುದನ್ನು ಬಿಡುತ್ತಿರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೇ ಕರೆಯುತ್ತಿದ್ದಳು, ಅದರಲ್ಲಿ ಒಂದು ಚೂರು ತುಂಟತನವೂ ಇತ್ತೆಂದು ಈಗ ಅನಿಸುತ್ತದೆ.

ಆ ಮಣೆ ಹುಟ್ಟಿದ ಕಥೆಯನ್ನು ಆಯಿ ನಮ್ಮ ತಲೆಗೆ ಎಣ್ಣೆ ಹಚ್ಚುವಾಗ ಹೇಳುತ್ತಿದ್ದಳು. ಅವಳು ಹುಟ್ಟಿದ್ದು ಹಳ್ಳಿಯೊಂದರ ಹೊರಗಿನ ಕೇರಿಯಲ್ಲಿ. ಯಾರ ಮನೆಗೆ ಹೋದರೂ ಆ ಕೇರಿಯವರಿಗೆ ಅಂಗಳದ ಮಣ್ಣೇ ಗತಿ. ಯಾರೂ ಹೊಡೆದಿಲ್ಲ, ಬೈದಿಲ್ಲ, ಆದರೆ ಕೂಡು ಎಂದು ಮಣೆ ಸರಿಸಿದವರೂ ಇಲ್ಲ. ಮುಂದೆ ಅವಳು ಕ್ರೈಸ್ತಳಾಗಿ, ಮಗನನ್ನು ಪಾದ್ರಿಗಳ ಶಾಲೆಗೆ ಹಾಕಿ, ಅಲ್ಲಿ ಅಪ್ಪ ಬಡಿಗತನ ಕಲಿತು, ತನ್ನ ಕೈಯಾರೆ ಮಾಡಿದ ಮೊದಲ ಸಾಮಾನೇ ಈ ಮಣೆ. "ಅವ್ವಾ, ನೀ ಕೂಡು" ಎಂದು ತಂದು ಮುಂದಿಟ್ಟನಂತೆ. ಆಯಿ ಅದನ್ನು ಸವರಿ, ಮೂಸಿ, ಸೆರಗಿನಿಂದ ಒರೆಸಿ, ಕೊನೆಗೆ ಕೂಡಲಿಲ್ಲ. "ನಮ್ಮನ್ನ ಒಳಗ ಕರದಂವ ಮೊದಲು ಕೂಡಲಿ" ಅಂದಳಂತೆ. ಹೀಗೆ ಆ ಮಣೆ ಕರ್ತನದಾಯಿತು.

ಆ ವರ್ಷ ಸುಗ್ಗಿಗೆ ಮೊದಲು ನಮ್ಮ ಬೀದಿಯಲ್ಲಿ ಇಲಿ ಬಿದ್ದವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಪ್ಲೇಗಿನ ಕಾಲದಲ್ಲಿ ಪ್ರಾಣ ಇಲಿಯದು ಹೋದರೆ ಸಂಕಟ ಊರಿಗೆಲ್ಲ. ಅಟ್ಟದಿಂದ ಇಲಿ ಉರುಳಿ ಬಿತ್ತೆಂದರೆ ಮನೆ ಬಿಡಬೇಕು, ಊರ ಹೊರಗೆ ಹೊಲದಲ್ಲಿ ಗುಡಿಸಲು ಹಾಕಬೇಕು. ಇದು ಆಗ ಎಲ್ಲರಿಗೂ ಗೊತ್ತಿದ್ದ ರೀತಿ. ನಿಜಾಮ ಸರ್ಕಾರದ ಜವಾನರು ಡಂಗುರ ಸಾರಿಸುವ ಮೊದಲೇ ಗಾಜಿಪುರ ಗಂಟುಮೂಟೆ ಕಟ್ಟತೊಡಗಿತ್ತು. ಚಾಂದಬೀ ಖಾಲಾ ತಂಗಿಯ ಊರಿಗೆ ಹೋದಳು. ಅಪ್ಪ ಕಮಲಾಪುರದ ನೀಲಮ್ಮ ಗೌಡತಿಯನ್ನು ನೆನೆದ. ಬಹಳ ವರ್ಷ ಮಕ್ಕಳಿಲ್ಲದ ಆ ಮನೆಗೆ ಅಪ್ಪ ಒಂದು ತೊಟ್ಟಿಲು ಮಾಡಿಕೊಟ್ಟಿದ್ದ; ವರ್ಷ ತುಂಬುವುದರೊಳಗೆ ಅದರಲ್ಲಿ ಗಂಡುಕೂಸು ಮಲಗಿತ್ತು. ಅದು ಶಿವನ ಕೃಪೆ ಅನ್ನುತ್ತಿದ್ದರು ಗೌಡರು, ಅಪ್ಪನ ಕೈಗುಣ ಅನ್ನುತ್ತಿದ್ದಳು ಗೌಡತಿ. ಹಳ್ಳದ ಈಚೆ ಬಾಳೆತೋಟದ ಬದಿಗೆ ಗುಡಿಸಲು ಹಾಕಿಕೊಳ್ಳಲು ಅವರು ಒಪ್ಪಿದರು.

ಬಂಡಿ ಹೇರುವಾಗ ಅತ್ತೆ ಸೊಸೆಗೆ ಜಗಳ ಹತ್ತಿತು. ಬಂಡಿಯಲ್ಲಿ ಜೋಳದ ಚೀಲ, ಬೀಸುವ ಕಲ್ಲು, ಅಪ್ಪನ ಸಾಮಾನಿನ ಪೆಟ್ಟಿಗೆ, ಕೌದಿ, ನಾವು. ಉಳಿದ ಸಂದಿಯಲ್ಲಿ ಒಣಗಿದ ಕುಳ್ಳಿನ ಬುಟ್ಟಿ ಇಡಬೇಕೆಂದು ಅವ್ವ, ಮಣೆ ಇಡಬೇಕೆಂದು ಆಯಿ.

"ಅತ್ಯಾ, ಅಡವ್ಯಾಗ ಒಲಿ ಹಚ್ಚೂದು ಯಾತರಲಿಂದ್ರಿ? ಕುಳ್ಳು ಬಿಟ್ಟು ಹಲಗಿ ಹೊತಗೊಂಡು ಹೋದಾರ ಅಂತ ಮಂದಿ ನಗ್ತಾರ. ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು!"

"ನಗೂವರು ನಗಲಿ. ಕುಳ್ಳು ಎಲ್ಲಾ ಕಡಿ ಸಿಗ್ತಾವ ಸುಂದ್ರವ್ವಾ, ಎತ್ತು ಎಲ್ಲಾ ಕಡಿ ಹೇಲ್ತಾವ. ಮಣಿ ಎಲ್ಲಿ ಸಿಗ್ತದ?"

ಬಂಡಿಯವನು ನಕ್ಕುಬಿಟ್ಟ, ಅಪ್ಪನೂ ನಕ್ಕ. ನಕ್ಕ ಮೇಲೆ ಅವ್ವನ ವಾದ ನಿಲ್ಲಲಿಲ್ಲ. ಕುಳ್ಳಿನ ಬುಟ್ಟಿ ಗಾಜಿಪುರದಲ್ಲೇ ಉಳಿಯಿತು. ದಾರಿಯುದ್ದಕ್ಕೂ ಆಯಿ ಮಣೆಯನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡಿದ್ದಳು. ಮಹಾಗಾಂವ ದಾಟುವಾಗ ನಾನು ಕೇಳಿದೆ, ಕರ್ತ ನಮ್ಮ ಜೊತೆ ಬರುತ್ತಾನೋ ಅಥವಾ ಗಾಜಿಪುರದ ಮನೆ ಕಾಯುತ್ತಾನೋ ಎಂದು.

"ಮಣಿ ಇಲ್ಲೇ ಅದಲ್ಲ. ಅಂವ ಬಂಡಿ ಹಿಂದ ನಡಕೊಂಡು ಬರಾಕತ್ಯಾನ, ನೋಡು."

ನಾನೂ ದಾನ್ಯನೂ ಹಿಂದೆ ತಿರುಗಿ ನೋಡಿದೆವು. ಧೂಳು ಎದ್ದಿತ್ತು. ಧೂಳಿನಲ್ಲಿ ಯಾರಿದ್ದರೂ ಇರಬಹುದು ಅನಿಸಿತು.

ಊರು ಬಿಟ್ಟ ದುಃಖ ದೊಡ್ಡವರದು. ನಮಗೆ ಮಕ್ಕಳಿಗೆ ಕಮಲಾಪುರ ಎಂದರೆ ಹಬ್ಬ. ಜೋಳದ ದಂಟಿನ ಗುಡಿಸಲು ರಾತ್ರಿಯೆಲ್ಲ ಸರಪರ ಅನ್ನುತ್ತಿತ್ತು, ಒಳಗೆ ಮಲಗಿದರೆ ದನದ ಮೇವಿನಲ್ಲಿ ಅಡಗಿಕೊಂಡಂತೆ ಖುಷಿ. ಪಕ್ಕದಲ್ಲೇ ಬಾಳೆತೋಟ. ಕಮಲಾಪುರದ ಬಾಳೆ ಕೆಂಪು, ದಪ್ಪ, ಸುಲಿದರೆ ಒಳಗೆ ಕೆನೆಯ ಬಣ್ಣ. ತಿನ್ನುವ ಮೊದಲು ಅದರ ಪರಿಮಳವೇ ಅರ್ಧ ಹೊಟ್ಟೆ ತುಂಬಿಸುತ್ತಿತ್ತು. ನೀಲಮ್ಮ ಗೌಡತಿ ದಿನ ಬಿಟ್ಟು ದಿನ ಹಳ್ಳ ದಾಟಿ ಬಂದು, ತೋಟದ ಕಾಲುವೆಯ ಆಚೆ ಒಂದು ಚಪ್ಪಟೆ ಕಲ್ಲಿನ ಮೇಲೆ ಹಣ್ಣು, ಮೊಸರು, ಪುಂಡಿ ಪಲ್ಯದ ಸೊಪ್ಪು ಇಟ್ಟು ಕೂಗುತ್ತಿದ್ದಳು. ಒಳ್ಳೆಯ ಹೆಂಗಸು, ಮಾತೂ ನಗೆಯೂ ಧಾರಾಳ. ಆದರೆ ಕಾಲುವೆ ದಾಟುತ್ತಿರಲಿಲ್ಲ. ಆಯಿ ಪ್ರತಿ ಸಲವೂ ಕರೆಯುತ್ತಿದ್ದಳು.

"ಬರ್ರಿ ಗೌಡ್ತೀ, ಮಣಿ ಖಾಲಿ ಅದ."

"ಇರಲಿ ಬಿಡವ್ವಾ ಮಲ್ಲವ್ವಾ, ಇಲ್ಲೇ ಚಲೋ ಅದ."

ಅಡವಿಯಲ್ಲಿ ಊಟದ ಹೊತ್ತಿಗೆ ಬರುವವರು ಯಾರು? ಊರೂರಲ್ಲೂ ಬೇನೆ, ಒಬ್ಬರ ನೆರಳು ಕಂಡರೆ ಇನ್ನೊಬ್ಬರು ಓಡುವ ಕಾಲ. ಮಣೆ ದಿನವೂ ಖಾಲಿ ಉಳಿಯಿತು, ಕರ್ತನ ರೊಟ್ಟಿ ದಿನವೂ ನಮ್ಮ ಪಾಲಿಗೆ. ನಾವು ಇಷ್ಟು ದಿನ ಬೇಡಿದ್ದು ಇದನ್ನೇ, ಆದರೆ ಸಿಕ್ಕ ಮೇಲೆ ರುಚಿಸಲಿಲ್ಲ. ಯಾರೂ ಕೂಡದಿದ್ದರೆ ಕರ್ತ ಬಂದಿಲ್ಲವೆಂದೇ ನನ್ನ ಲೆಕ್ಕ. ಒಂದು ದಿನ ಗೌಡರ ಆಡಿನ ಮರಿಯೊಂದು ಕಾಲುವೆ ಹಾರಿ ಬಂದಾಗ ನಾನು ಅದನ್ನೆತ್ತಿ ಮಣೆಯ ಮೇಲೆ ನಿಲ್ಲಿಸಿದೆ. ಅದು ರೊಟ್ಟಿ ತಿಂದು, ಆಯಿಯ ಸೆರಗಿನ ಅಂಚನ್ನೂ ಬಾಯಿಗೆ ಹಾಕಿತು. ಅವ್ವ ಹೊಡೆಯಲು ಕೈ ಎತ್ತಿದಳು, ಆಯಿ ತಡೆದಳು.

"ಬಿಡವ್ವ. ಕರ್ತ ಹುಟ್ಟಿದ್ದೇ ದನದ ಕೊಟ್ಟಿಗ್ಯಾಗ. ಆಡಿನ ಮರಿ ಅಂದ್ರ ಅವಗೇನು ಹೊಸದಾ?"

ಅಪ್ಪ ನಕ್ಕು ನಕ್ಕು ಕೆಮ್ಮಿದ. ಆ ಕೆಮ್ಮು ನಿಲ್ಲಲಿಲ್ಲ. ಸಂಜೆಗೆ ಮೈ ಸುಡತೊಡಗಿತು, ಮರುದಿನ ಕಂಕುಳಲ್ಲಿ ನಿಂಬೆಕಾಯಿಯಷ್ಟು ಗಡ್ಡೆ ಎದ್ದಿತು. ಎಲ್ಲರೂ ಊರು ಬಿಟ್ಟು ಓಡಿದ್ದು ಯಾವುದರಿಂದಲೋ ಅದು ನಮಗಿಂತ ಮೊದಲೇ ಬಂಡಿ ಹತ್ತಿ ಕೂತಿತ್ತು. ಅವ್ವ ನಮ್ಮನ್ನು ದೂರ ಸರಿಸಿ ಅಪ್ಪನಿಗೆ ಬೇರೆ ಒಂದು ಸಣ್ಣ ಮರೆ ಕಟ್ಟಿದಳು. ಅವನ ಮಾತು ತಪ್ಪುತ್ತಿತ್ತು; ಯಾವುದೋ ಬಾಗಿಲು ಸರಿಯಾಗಿ ಕೂಡುತ್ತಿಲ್ಲ, ಉಳಿ ತಾ ಎಂದು ಕನವರಿಸುತ್ತಿದ್ದ. ಸುದ್ದಿ ತಿಳಿದು ನೀಲಮ್ಮ ಗೌಡತಿ ಓಡಿ ಬಂದಳು. ಕಲ್ಲಿನ ಮೇಲೆ ಅಗಸಿ ಬೀಜದ ಗಂಟು ಇಟ್ಟು ಕಾಲುವೆಯಾಚೆಯಿಂದಲೇ ಕೂಗಿ ಹೇಳಿದಳು.

"ಅಗಸಿ ಅರದು, ಕುದಿಸಿ, ಬಿಸಿ ಬಿಸಿ ಗಡ್ಡಿಗೆ ಕಟ್ರಿ. ಆರಿದ ಕೂಡಲೆ ಮತ್ತ ಕಟ್ರಿ. ಗಡ್ಡಿ ಹಣ್ಣಾಗಿ ಒಡದ್ರ ಮನುಷ್ಯಾ ಉಳೀತಾನ. ಕಾವು ಮಾತ್ರ ಬಿಡಾಕ ಬರಂಗಿಲ್ಲ, ಸುಂದ್ರವ್ವಾ!"

ಅವ್ವ ಕಾವು ಬಿಡಲಿಲ್ಲ. ಒಲೆ ಆರಲಿಲ್ಲ. ಆಯಿ ತೋಟದಲ್ಲಿ ಸುತ್ತಿ ಕಟ್ಟಿಗೆ, ಕುಳ್ಳು ಆರಿಸಿ ತರುತ್ತಿದ್ದಳು, ಎತ್ತುಗಳು ಅವಳ ಮಾತು ಉಳಿಸಿದ್ದವು. ಆದರೆ ಮಳೆಯ ಕಾಲವೇ ಅಲ್ಲದ ಆ ಚಳಿಯಲ್ಲಿ ಮೋಡ ಮುಸುಕಿ ಮಳೆ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಹಳ್ಳ ಕೆಂಪಗೆ ತುಂಬಿ ಬಂದು ಗೌಡರ ಮನೆಯ ದಾರಿ ಮುಚ್ಚಿತು. ಕುಳ್ಳು ಕರಗಿ ಸಗಣಿಯಾದವು, ಕಟ್ಟಿಗೆ ಹೊಗೆಯಾಡಿತೇ ಹೊರತು ಹತ್ತಲಿಲ್ಲ. ಸಂಜೆಗೆ ಮೊದಲು ಒಲೆಯಲ್ಲಿ ಬೂದಿಯ ಕೆಳಗೆ ಒಂದೆರಡು ಕೆಂಡ ಉಳಿದಿದ್ದವು ಅಷ್ಟೆ. ಆ ಹೊತ್ತಿಗೆ ಅವ್ವನ ತಾಳ್ಮೆ ಮುರಿಯಿತು. ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಎಲ್ಲಿ ಅದಾನ್ರಿ ಅತ್ಯಾ, ನಿಮ್ಮ ಕರ್ತ? ದಿನಾ ಮಣಿ ಹಾಕ್ತೀರಿ, ತಾಟು ಇಡ್ತೀರಿ. ಒಂದಿನರೆ ಬಂದು ಕುಂತಾನಾ? ನನ್ನ ಗಂಡ ಅಲ್ಲಿ ಸುಡಾಕತ್ಯಾನ, ಇಲ್ಲಿ ನೋಡಿದ್ರ ಖಾಲಿ ಹಲಗಿ!"

ಆಯಿ ತಕ್ಕ ಉತ್ತರ ಕೊಡುತ್ತಾಳೆಂದು ನಾನು ಅವಳ ಮುಖ ನೋಡಿದೆ. ಯಾವ ಮಾತಿಗೂ ಸೋತವಳಲ್ಲ ಅವಳು. ಆಗ ಮಾತ್ರ "ನನಗೂ ಗೊತ್ತಿಲ್ಲವ್ವ" ಅಂದಳು. ಆಯಿಗೂ ಗೊತ್ತಿಲ್ಲವೆಂದರೆ ಇನ್ನು ಯಾರನ್ನು ಕೇಳುವುದು?

ಅವ್ವ ಎದ್ದು ಅಪ್ಪನ ಸಾಮಾನಿನ ಪೆಟ್ಟಿಗೆ ತೆರೆದಳು. ಅದು ಒಣಗಿಯೇ ಇತ್ತು, ಕೌದಿಯ ಕೆಳಗೆ ಮುಚ್ಚಿಟ್ಟಿದ್ದರಿಂದ. ಬಾಚಿ, ಉಳಿ, ಕೊಡತಿ, ಗರಗಸ, ಎಲ್ಲಕ್ಕೂ ವರ್ಷಗಟ್ಟಲೆ ಹಿಡಿದು ನುಣುಪಾದ ಮರದ ಹಿಡಿಗಳು. ಅವ್ವ ಕೊಡತಿಯನ್ನು ಒಲೆಗೆ ಒಡ್ಡಿಯೇಬಿಟ್ಟಿದ್ದಳು. ಆಯಿ ಅವಳ ಮುಂಗೈ ಹಿಡಿದಳು.

"ಅವು ಬ್ಯಾಡ. ಅವು ಅವನ ಕೈ. ಎದ್ದ ಮ್ಯಾಲ ಅಂವ ಏನ್ ಹಿಡಕೊಂಡು ಕೆಲಸಾ ಮಾಡಬೇಕು?"

"ಎದ್ದ ಮ್ಯಾಲ" ಎಂಬ ಆ ಮಾತಿಗೆ ಅವ್ವ ಅತ್ತಳು. ಆಯಿ ಅಳಲಿಲ್ಲ. ಮೂಲೆಗೆ ಹೋಗಿ ಮಣೆ ತಂದಳು, ಸೆರಗಿನಿಂದ ಒರೆಸಿದಳು, ಎಂದಿನ ಹಾಗೆ. ಆಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿ ಅಪ್ಪನ ಬಾಚಿ ಎತ್ತಿದಳು. ಸಾಗವಾನಿ ಸುಲಭಕ್ಕೆ ಸೀಳುವ ಮರವಲ್ಲ, ಆಯಿಯದು ಗಟ್ಟಿ ಮೈಯೂ ಅಲ್ಲ. ಒಂದೊಂದು ಪೆಟ್ಟಿಗೂ ಅವಳು ಹಿತ್ತಿಲ ಗೋಡೆಯಾಚೆಯ ಕರ್ತನಿಗೆ ಹೇಳುವಂತೆ ಹೇಳುತ್ತಿದ್ದಳು.

"ಸಿಟ್ಟಾಗಬ್ಯಾಡ... ನೀನೂ ಬಡಿಗ್ಯಾನ ಮಗಾ... ಕಟಗಿ ಯಾವಾಗ ಮಣಿ ಆಗಬೇಕು, ಯಾವಾಗ ಉರಿ ಆಗಬೇಕು... ನಿನಗ ನಾ ಹೇಳಿಕೊಡಬೇಕಾ?"

ಮಣೆ ಸೀಳಿತು. ಎಣ್ಣೆಯ ಅಂಶದ ಮರ, ಕೆಂಡ ತಾಗಿದ ಕೂಡಲೇ ಹತ್ತಿಕೊಂಡಿತು. ಅಷ್ಟು ದಿನ ಹೊಗೆ ನೋಡಿದ ಕಣ್ಣಿಗೆ ಆ ಉರಿ ಹಬ್ಬದ ದೀಪದಂತೆ ಕಂಡಿತು. ಅಗಸಿ ಕುದಿಯಿತು. ಅವ್ವ ಬಟ್ಟೆಯಲ್ಲಿ ಕಟ್ಟಿಕೊಂಡು ಮಳೆಯಲ್ಲಿ ಓಡುವುದು, ಕಟ್ಟಿ ಬರುವುದು, ಮತ್ತೆ ಕುದಿಸುವುದು. ಆಯಿ ಮಣೆಯ ಸೀಳುಗಳನ್ನು ಒಂದೊಂದಾಗಿ, ಜಿಪುಣತನದಿಂದ, ಒಲೆಗೆ ಇಡುತ್ತಿದ್ದಳು. ನಡುವೆ ಒಂದು ಸಲ ಅವರಿಬ್ಬರೂ ಒಲೆಯ ಮುಂದೆ ಹಸಿ ನೆಲದ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತರು, ಅವ್ವ ಆಯಿಯ ಹೆಗಲಿಗೆ ತಲೆ ಒರಗಿಸಿದಳು. ಗಾಜಿಪುರದಲ್ಲಿ ಉಪ್ಪಿನ ಡಬ್ಬಿಗೂ ಜಗಳಾಡುತ್ತಿದ್ದ ಅತ್ತೆ ಸೊಸೆ! ನಾನು ದಾನ್ಯನನ್ನು ತಬ್ಬಿಕೊಂಡು ಅವರ ಹಿಂದೆ ಹೋಗಿ ಕೂತೆ. ಹೊರಗೆ ಮಳೆ ಹೊಡೆಯುತ್ತಿತ್ತು, ಅಪ್ಪ ನರಳುತ್ತಿದ್ದ, ನನಗೆ ಭಯವಾಗಬೇಕಿತ್ತು. ಆಗಲಿಲ್ಲ. ನಮ್ಮ ಜೊತೆ ಇನ್ನೊಬ್ಬರು ಯಾರೋ ಅದೇ ಹಸಿ ನೆಲದ ಮೇಲೆ ಕೂತು ಒಲೆಗೆ ಕೈ ಕಾಯಿಸಿಕೊಳ್ಳುತ್ತಿದ್ದಾರೆ ಅನಿಸಿತು. ಇಷ್ಟು ವಯಸ್ಸಾಗಿ, ಎಷ್ಟೋ ಉಪದೇಶ ಕೇಳಿ, ಕೆಲವು ಸಲ ನಾನೇ ಹೆಂಗಸರ ಕೂಟದಲ್ಲಿ ಉಪದೇಶ ಮಾಡಿದ ಮೇಲೂ, ದೇವರು ಹತ್ತಿರವಿದ್ದಾನೆ ಎಂಬುದಕ್ಕೆ ನನ್ನಲ್ಲಿರುವ ಸಾಕ್ಷಿ ಅದೊಂದೇ. ಆ ಕಾವಿನಲ್ಲಿ ನಿದ್ದೆ ಹೋದೆ.

ಬೆಳಗಾಗುವುದರೊಳಗೆ ಗಡ್ಡೆ ಒಡೆದಿತ್ತು. ಅದು ಪ್ಲೇಗೇ ಹೌದೋ, ಬೇರೆ ಯಾವ ಕೆಟ್ಟ ಗಡ್ಡೆಯೋ, ನೋಡಿ ಹೇಳಲು ವೈದ್ಯರು ಯಾರಿದ್ದರು? ಜ್ವರ ಇಳಿದು ಅಪ್ಪನ ಹಣೆಯಲ್ಲಿ ಬೆವರು ಬಂದಿತ್ತು. ನಮ್ಮನ್ನು ದೂರ ನಿಲ್ಲಿಸಿ ತೋರಿಸಿದರು. ಅಪ್ಪ ಕಣ್ಣು ತೆರೆದ, ಮೂಗು ಅರಳಿಸಿದ, ಇನ್ನೊಮ್ಮೆ ಮೂಸಿದ. ಸತ್ತು ಬದುಕಿದ ಮನುಷ್ಯನ ಮೊದಲ ಮಾತು ಇದು:

"ಸಾಗವಾನಿ ಸುಟ್ಟ ವಾಸನಿ ಬರಾಕತ್ತದ. ಯಾವ ಖೋಡಿ ಸಾಗವಾನಿ ಒಲಿಗೆ ಹಾಕ್ಯಾನ?"

"ನಿಮ್ಮವ್ವ" ಅಂದಳು ಆಯಿ.

ಅವ್ವ ಮೊದಲು ನಕ್ಕಳು. ಆಮೇಲೆ ಆಯಿ. ನಗಲು ಶಕ್ತಿಯಿಲ್ಲದ ಅಪ್ಪನ ಹೊಟ್ಟೆ ಕೌದಿಯ ಕೆಳಗೆ ಕುಲುಕಿತು. ಏನಾಯಿತೆಂದು ಸರಿಯಾಗಿ ತಿಳಿಯದ ದಾನ್ಯನೂ ಕೆಸರಿನಲ್ಲಿ ಕುಣಿದ. ಅಷ್ಟು ದೊಡ್ಡ ನಗೆಯನ್ನು ಆ ಗುಡಿಸಲು ಹೇಗೆ ತಾಳಿಕೊಂಡಿತೋ!

ಅಪ್ಪ ಎದ್ದು ಕೂಡುವಂತಾದ ದಿನ ಬಿಸಿಲು ಬಿದ್ದಿತ್ತು, ಹಳ್ಳ ಇಳಿದಿತ್ತು. ಎಲ್ಲರೂ ಒಟ್ಟಿಗೆ ಉಣ್ಣೋಣವೆಂದು ಅವ್ವ ಗುಡಿಸಲಿನ ಹೊರಗೆ ತಾಟು ಹಾಕಿದಳು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಅಪ್ಪನಿಗೆ ಮಜ್ಜಿಗೆ ಬೆರೆಸಿದ ಅಂಬಲಿ. ಅಷ್ಟರಲ್ಲಿ ನೀಲಮ್ಮ ಗೌಡತಿ ತಲೆಯ ಮೇಲೆ ಬಾಳೆಗೊನೆ ಹೊತ್ತು ತಾನೇ ಬಂದಳು. ಕಲ್ಲಿನ ಹತ್ತಿರ ನಿಂತಳು. ಹಳ್ಳ ತುಂಬಿದ್ದಷ್ಟು ದಿನ ಕಾಲುವೆಯವರೆಗೂ ಬರಲಾಗದೆ ಆಚೆ ದಡದಲ್ಲಿ ಒದ್ದಾಡಿದವಳು ಅಪ್ಪ ಕೂತದ್ದನ್ನು ಕಂಡು ಕಣ್ಣು ತುಂಬಿಕೊಂಡಳು. ಆಯಿ ಅಭ್ಯಾಸದಂತೆ, "ಬರ್ರಿ ಗೌಡ್ತೀ, ಮಣಿ..." ಎಂದು ಶುರು ಮಾಡಿ ಬಾಯಿ ಮುಚ್ಚಿದಳು.

"ಎಲ್ಲೆವ್ವಾ ನಿನ್ನ ಮಣಿ?"

"ಒಲ್ಯಾಗ ಹೋಯ್ತ್ರಿ. ಅಗಸಿ ಕುದಿಸಾಕ."

ಗೌಡತಿ ಒಲೆಯ ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು. ಆಮೇಲೆ ಗೊನೆ ಹೊತ್ತುಕೊಂಡೇ ಕಾಲುವೆ ದಾಟಿದಳು. ಸೀರೆಯ ನೆರಿಗೆ ಒದ್ದೆಯಾಯಿತು. ಬಂದು, ನಮ್ಮ ಸಾಲಿನ ತುದಿಗೆ, ಮಣ್ಣಿನ ಮೇಲೆ ಕೂತುಬಿಟ್ಟಳು.

"ನೆಲಕ್ಕ ಯಾರ ಮನಿ ಅಂತ ಅದವ್ವಾ? ಹಣ್ಣಿಗೂ ಮಡಿ ಮೈಲಿಗಿ ಇಲ್ಲ."

ರೊಟ್ಟಿ ಅವಳು ಮುಟ್ಟಲಿಲ್ಲ, ನಾವೂ ಒತ್ತಾಯ ಮಾಡಲಿಲ್ಲ. ಕೆಂಪು ಬಾಳೆಯೊಂದನ್ನು ಸುಲಿದು ಅರ್ಧ ಅಪ್ಪನ ಕೈಗೆ ಕೊಟ್ಟು, ಇನ್ನರ್ಧ ತಾನು ತಿಂದಳು. ತೊಟ್ಟಿಲಿನ ಋಣ ಇವತ್ತು ತೀರಿತು ನೋಡು ಎಂದಳು. ತೀರಿಲ್ಲ, ಹಣ್ಣು ದಿನಾ ಬರಲಿ ಎಂದು ಅಪ್ಪ ಅಂದ. ಅವ್ವ ಮೊದಲ ರೊಟ್ಟಿಯನ್ನು ಕರ್ತನ ತಾಟಿಗೆ ಹಾಕಿ, ತಾಟು ಎಲ್ಲಿಡುವುದೆಂದು ಹಾಗೇ ಹಿಡಿದು ನಿಂತಳು. ನನ್ನೊಳಗೆ ಅಷ್ಟು ದಿನದಿಂದ ಕೊರೆಯುತ್ತಿದ್ದುದನ್ನು ನಾನು ಕೇಳಿಯೇಬಿಟ್ಟೆ.

"ಆಯೀ, ಮಣಿ ಇಲ್ಲಲ್ಲ, ಕರ್ತ ಎಲ್ಲಿ ಕೂಡಬೇಕು?"

ಆಯಿ ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು.

"ಅಲ್ಲೇ, ನಿನ್ನ ಬಾಜೂಕ. ಸ್ವಲ್ಪ ಸರಿ, ಜಾಗಾ ಬಿಡು."

ನಾನು ಸರಿದೆ, ನನಗಾಗಿ ದಾನ್ಯ ಸರಿದ, ಅವನಿಗಾಗಿ ಅಪ್ಪ ಸರಿದ, ಕೊನೆಗೆ ನೀಲಮ್ಮ ಗೌಡತಿಯೂ ಕಿಸಕ್ಕನೆ ನಕ್ಕು ಒಂದಿಷ್ಟು ಸರಿದಳು. ನಡುವೆ ಬಿಟ್ಟ ನೆಲದ ಮೇಲೆ ಅವ್ವ ತಾಟು ಇಟ್ಟಳು.

ಬೇನೆ ನಿಂತು ಗಾಜಿಪುರಕ್ಕೆ ಮರಳಿದ ಮೇಲೆ ಅಪ್ಪ ಮಾಡಿದ ಮೊದಲ ಕೆಲಸ, ಒಂದು ಒಳ್ಳೆಯ ಸಾಗವಾನಿ ಹಲಗೆ ಆರಿಸಿ ಹೆರೆಯಲು ಕೂತದ್ದು. ನಡುನಡುವೆ ದಣಿದು ನಿಲ್ಲಿಸುತ್ತಿದ್ದ. ಹೊಟ್ಟು ಸುರುಳಿ ಸುರುಳಿಯಾಗಿ ಬೀಳುತ್ತಿದ್ದರೆ ನಾನೂ ದಾನ್ಯನೂ ಕಿವಿಗೆ ಸಿಕ್ಕಿಸಿಕೊಂಡು ಆಡುತ್ತಿದ್ದೆವು. ಆಯಿ ಬಂದು ನಿಂತು ಕೇಳಿದಳು.

"ಏನ್ ಮಾಡಾಕತ್ತೀಯೋ?"

"ಮಣಿ, ಅವ್ವಾ. ಮೊದಲಿಂದಕ್ಕಿಂತ ಚಲೋ ಮಾಡ್ತೀನಿ. ಕರ್ತಗ."

ಆಯಿ ಬಾಗಿ ಹಲಗೆಯನ್ನು ಸವರಿದಳು, ಮೂಸಿದಳು, ಸೆರಗಿನಿಂದ ಒರೆಸಿದಳು. ಮಗನನ್ನು ಬಿಟ್ಟರೆ ಜೀವಮಾನದಲ್ಲಿ ಯಾರೂ ಮಣೆ ಹಾಕದ ಹೆಂಗಸು ಅವಳು. ಹಲಗೆಯ ಬೆಲೆ ಅವಳಿಗೆ ಗೊತ್ತಿದ್ದಷ್ಟು ಬಡಿಗನಾದ ಅಪ್ಪನಿಗೂ ಗೊತ್ತಿರಲಿಲ್ಲ.

"ಸೊಸಿಗಿ ರೊಟ್ಟಿ ಬಡಿಯೂ ಹಲಗಿ ಮಾಡಿಕೊಡು. ಮಣಿ ಬ್ಯಾಡ" ಅಂದಳು. "ಈಗರೆ ಕೆಳಗ ಬಂದು ನಮ್ಮ ಜೋಡಿ ಕುಂತಾನ. ಮತ್ಯಾಕ ಮ್ಯಾಲ ಏರಿಸ್ತಿ?"

ಗೋಡೆಯಾಚೆಯಿಂದ ಚಾಂದಬೀ ಖಾಲಾಳ ಮುಖ ಮೂಡಿತು, ತಂಗಿಯ ಊರಿನಿಂದ ಅವತ್ತೇ ಬಂದಿದ್ದಳು.

"ಏ ಮಲ್ಲವ್ವಾ, ಮಣಿ ಖಾಲಿ ಅದ ಕ್ಯಾ?"

"ಮಣಿ ಇಲ್ಲ, ನೆಲಾ ಅದ. ಬಾ" ಎಂದು ಕೂಗಿದಳು ಆಯಿ. ನಾನೂ ದಾನ್ಯನೂ ಹೇಳಿಸಿಕೊಳ್ಳದೆ ಸರಿದು ಕೂತೆವು.